ಹಳೆಯ ವ್ಯಾನಿನ ಕಡತ

ಮೂವತ್ತು ವರ್ಷ ಹುಡುಗರಿಗೆ ಚರಿತ್ರೆ ಹೇಳಿದವನು ನಾನು. ಅರಸರ ಶಾಸನವನ್ನೂ ಶಾನುಭೋಗರ ಕಡತವನ್ನೂ ಎದುರುಬದುರು ಇಟ್ಟು, ಯಾವುದನ್ನು ಎಷ್ಟು ನಂಬಬೇಕೆಂದು ತೂಗಿ ನೋಡುವುದು ಅಭ್ಯಾಸವಾಗಿಹೋಗಿದೆ. ಅದೇ ಪಾಠವನ್ನು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಒಂದು ಹಳೆಯ ವ್ಯಾನು ನನಗೆ ಮತ್ತೊಮ್ಮೆ ಹೇಳಿಕೊಟ್ಟಿತು.

ಬೇಸಗೆ ಕಳೆಯಲು ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ಯಜಮಾನರು ತಮ್ಮ 1974ರ ಫೋಕ್ಸ್‌ವ್ಯಾಗನ್ ವ್ಯಾನನ್ನು ಮಾರುವವರಿದ್ದರು. ವ್ಯಾನೆಂದರೆ ಓಡಾಡುವ ಮನೆಯೇ. ಆಸನ ಬಿಚ್ಚಿದರೆ ಹಾಸಿಗೆ, ಪುಟ್ಟದೊಂದು ಒಲೆ, ಛಾವಣಿಯನ್ನು ಮೇಲೆತ್ತಿದರೆ ಒಳಗೆ ನೆಟ್ಟಗೆ ನಿಲ್ಲಬಹುದು.

ಇದರ ವಂಶಾವಳಿ ಸ್ವಾರಸ್ಯವಾದದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವುಲ್ಫ್ಸ್‌ಬರ್ಗಿನ ಕಾರ್ಖಾನೆಯಲ್ಲಿ, ಕಾರಿನ ಅಡಿಗಟ್ಟಿನ ಮೇಲೆ ಕಟ್ಟಿದ ಬಯಲು ಗಾಡಿಯೊಂದು ಬಿಡಿಭಾಗಗಳನ್ನು ಹೊತ್ತು ತಿರುಗುತ್ತಿತ್ತು. ಹಾಲೆಂಡಿನ ವರ್ತಕ ಬೆನ್ ಪೊನ್ ಅದನ್ನು ಕಂಡು, 1947ರ ಏಪ್ರಿಲ್ 23ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದ: ಮುಂದೆ ಚಾಲಕ, ಹಿಂದೆ ಎಂಜಿನ್ನು, ನಡುವೆ ಸರಕು. 1950ರ ಮಾರ್ಚಿನಲ್ಲಿ ತಯಾರಿಕೆ ಮೊದಲಾಯಿತು. ಆಗ ಎಂಜಿನ್ನಿನ ಬಲ 25 ಅಶ್ವಶಕ್ತಿ ಮಾತ್ರ. ಮರುವರ್ಷವೇ ವೆಸ್ಟ್‌ಫಾಲಿಯಾ ಸಂಸ್ಥೆ ಅದರೊಳಗೆ ಬಿಡಾರಕ್ಕೆ ಬೇಕಾದ ಸಾಮಾನು ಸಜ್ಜುಗೊಳಿಸಿತು. 1956ರಲ್ಲಿ ತಯಾರಿಕೆ ಹ್ಯಾನೋವರಿಗೆ ಬಂತು. ಯುದ್ಧದಿಂದ ಹಣ್ಣಾಗಿದ್ದ ದೇಶದಲ್ಲಿ ಸಾಮಾನ್ಯರ ಕೈಯಲ್ಲಿ ಕಾಸು ಆಡತೊಡಗಿದಾಗ, ಎಷ್ಟೋ ಸಂಸಾರಗಳು ಇಂಥ ವ್ಯಾನಿನಲ್ಲಿಯೇ ಆಲ್ಪ್ಸ್ ದಾಟಿ ಇಟಲಿಯ ಕಡಲು ನೋಡಿ ಬಂದವು.

1997ರಿಂದ ಅಲ್ಲಿ ಒಂದು ಕಾನೂನುಂಟು. ಮೂವತ್ತು ವರ್ಷ ದಾಟಿ, ಮೂಲರೂಪ ಕೆಡದೆ ಸುಸ್ಥಿತಿಯಲ್ಲಿರುವ ವಾಹನದ ಸಂಖ್ಯಾಫಲಕಕ್ಕೆ ‘ಎಚ್’ ಎಂಬ ಅಕ್ಷರ ಸೇರುತ್ತದೆ. ‘ಚಾರಿತ್ರಿಕ’ ಎಂದು ಅದರ ಅರ್ಥ. ಯಜಮಾನರ ವ್ಯಾನಿಗೂ ಆ ಬಿರುದಿತ್ತು.

ಕೊಳ್ಳಲು ಎಳೆಯ ದಂಪತಿಗಳು ಬಂದರು. ಬಾಗಿ ನೋಡಿದರು, ತಟ್ಟಿ ನೋಡಿದರು, ಓಡಿಸಿ ನೋಡಿದರು. ಬೆಲೆ ಕುದುರಿತು. ಆಗ ಯಜಮಾನರು ಒಳಗಿನಿಂದ ದಪ್ಪನೆಯ ಪುಸ್ತಕವೊಂದನ್ನು ತಂದು ಅವರ ಕೈಯಲ್ಲಿಟ್ಟರು. ಎಣ್ಣೆ ಬದಲಿಸಿದ ದಿನ, ಬ್ರೇಕು ಸವೆದ ದಿನ, ಎಲ್ಲ ಬರೆದಿತ್ತು. ಒಂದು ಪುಟದಲ್ಲಿ, ಹಿಂದಿನ ಚಕ್ರದ ಮೇಲುಭಾಗಕ್ಕೆ ತುಕ್ಕು ಹಿಡಿದು, ತಗಡು ಕತ್ತರಿಸಿ ಬೆಸುಗೆ ಹಾಕಿದ ಸಂಗತಿ. ಕಣ್ಣಿಗೆ ಅದರ ಕುರುಹೂ ಕಾಣುತ್ತಿರಲಿಲ್ಲ. ಹುಡುಗನ ಮುಖ ಸಪ್ಪಗಾಯಿತು. ಬೆಲೆ ಇಳಿಸಲು ಕೇಳಿದ. ಯಜಮಾನರು ಮರುಮಾತಿಲ್ಲದೆ ಇಳಿಸಿದರು.

ಸಂಜೆ ಮಗಳ ಬಾಯಿಂದ ಕೇಳಿಸಿದೆ: “ತೋರಿಸದಿದ್ದರೆ ಏನಾಗುತ್ತಿತ್ತು?”

“ಮತ್ತೆ ತುಕ್ಕು ಹಿಡಿದರೆ ಮೊದಲು ಹಿಡಿಯುವುದು ಅಲ್ಲಿಯೇ,” ಎಂದರು. “ಅವರು ಎಲ್ಲಿ ನೋಡಬೇಕೆಂದು ಹೇಳದೆ ವ್ಯಾನು ಕೊಟ್ಟರೆ ಹೇಗೆ?”

ನನಗೆ ನಮ್ಮ ಕಡತಗಳ ನೆನಪಾಯಿತು. ಕಲ್ಲಿನ ಮೇಲೆ ಹೊಗಳಿಸಿಕೊಂಡ ಅರಸರು ಸೋತದ್ದೇ ಅಪರೂಪ. ಆದರೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದ ಅರಿವೆಯ ಮೇಲೆ ಲೆಕ್ಕ ಬರೆದವನಿಗೆ ಹೊಗಳಿಕೆಯ ಹಂಗಿರಲಿಲ್ಲ. ಕೆರೆಯ ಏರಿ ಯಾವ ಕಡೆ ಒಡೆಯಿತು, ದುರಸ್ತಿಗೆ ಏನು ಹಿಡಿಯಿತು ಎಂಬುದು ಮುಂದೆ ಕೆರೆ ಕಾಯುವವನಿಗೆ ಬೇಕು. ಊರನ್ನು ಉಳಿಸುವ ಚರಿತ್ರೆ ಅದು.

ಮರುದಿನ ವ್ಯಾನು ಹೊರಟಿತು. ಹುಡುಗಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಯಜಮಾನರು ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಂತಿದ್ದರು.