ಥಾಮಸ್, ಎಂ. ಎಂ.

ಮಡತ್ತಿಲ್‌ಪರಂಬಿಲ್ ಮಾಮ್ಮನ್ ಥಾಮಸ್ (1916-1996). ಮಾರ್ಕ್ಸ್‌ವಾದ, ಧರ್ಮ, ಬೈಬಲ್ ಈ ಮೂರನ್ನೂ ಎದುರುಬದುರು ಕೂರಿಸಿ ಅರ್ಧ ಶತಮಾನ ಬರೆದ ಕ್ರೈಸ್ತ ಚಿಂತಕ. ಹುಟ್ಟಿದ್ದು ಕೇರಳದ ಕೋಳಂಚೇರಿಯಲ್ಲಿ, ಮಾರ್ತೋಮಾ ಸಭೆಗೆ ಸೇರಿದ ಮನೆತನದಲ್ಲಿ. ಆದರೆ ಅವರ ಹೆಸರು ನಿಂತಿರುವ ಕೃತಿಗಳು ಬಹುಪಾಲು ಬೆಂಗಳೂರಿನ ವರ್ಷಗಳವು.

ಓದಿದ್ದು ರಸಾಯನಶಾಸ್ತ್ರ. ದೇವತಾಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ತಿರುವನಂತಪುರದಲ್ಲಿ ಬೀದಿಮಕ್ಕಳ ಆಶ್ರಯಧಾಮದಲ್ಲಿ ದುಡಿಯುತ್ತಿದ್ದಾಗ ಬಡತನಕ್ಕೆ ದಾನಧರ್ಮ ಮದ್ದಲ್ಲ ಎನಿಸಿ ಮಾರ್ಕ್ಸ್‌ನನ್ನು ಓದತೊಡಗಿದರು. 1940ರ ದಶಕದ ಮೊದಲ ವರ್ಷಗಳಲ್ಲಿ ಅವರು ಎರಡು ಬಾಗಿಲು ತಟ್ಟಿದರು. ಪಾದ್ರಿ ದೀಕ್ಷೆ ಕೊಡಿ ಎಂದು ಕೇಳಿದಾಗ, ಈತ ಕಮ್ಯುನಿಸ್ಟ್ ವಿಚಾರದವನು ಎಂದು ಸಭೆ ನಿರಾಕರಿಸಿತು. ಸದಸ್ಯತ್ವ ಕೊಡಿ ಎಂದಾಗ, ಈತ ಕ್ರೈಸ್ತ ವಿಶ್ವಾಸ ಬಿಡದವನು ಎಂದು ಕಮ್ಯುನಿಸ್ಟ್ ಪಕ್ಷ ನಿರಾಕರಿಸಿತು. ಎರಡೂ ಕಡೆಯವರು ಅವರನ್ನು ಸರಿಯಾಗಿಯೇ ಗುರುತಿಸಿದ್ದರು ಎನ್ನಬೇಕು. ಕೊನೆಯವರೆಗೂ ದೀಕ್ಷೆಯಿಲ್ಲದ ಸಾಮಾನ್ಯ ವಿಶ್ವಾಸಿಯಾಗಿಯೇ ಉಳಿದರು.

1957ರಲ್ಲಿ ಪಿ. ಡಿ. ದೇವನಂದನ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆ ಸ್ಥಾಪನೆಯಾಯಿತು. ಥಾಮಸ್ ಮೊದಲಿನಿಂದಲೂ ಅವರ ಜೊತೆಗಿದ್ದರು. 1962ರಲ್ಲಿ ದೇವನಂದನ್ ತೀರಿಕೊಂಡ ಮೇಲೆ ನಿರ್ದೇಶಕರಾಗಿ 1970ರ ದಶಕದ ನಡುಭಾಗದವರೆಗೆ ಸಂಸ್ಥೆಯನ್ನು ನಡೆಸಿದರು. 'ರಿಲಿಜನ್ ಅಂಡ್ ಸೊಸೈಟಿ' ಇಲ್ಲಿಂದ ಹೊರಟ ಪತ್ರಿಕೆ. ಇದೇ ಕಾಲದಲ್ಲಿ ಅವರು ಚರ್ಚುಗಳ ವಿಶ್ವಮಂಡಳಿಯ ಕೇಂದ್ರ ಸಮಿತಿಗೂ ಅಧ್ಯಕ್ಷರಾಗಿದ್ದರು (1968-75).

ಥಾಮಸರ ವಿಚಾರದ ತಿರುಳು ಹೀಗಿದೆ. ಧರ್ಮದ ಮೇಲೆ ಮಾರ್ಕ್ಸ್ ಮಾಡಿದ ಟೀಕೆಯನ್ನು ಅವರು ಶತ್ರುವಿನ ಮಾತೆಂದು ತಳ್ಳಲಿಲ್ಲ. ಬಡವರ ಹೊಟ್ಟೆಯ ಮೇಲೆ ಹೊಡೆದು ಹಬ್ಬ ಮಾಡುವವರನ್ನು ಬೈಬಲ್ಲಿನ ಆಮೋಸನಂಥ ಪ್ರವಾದಿಗಳು ಜರೆದ ಪರಂಪರೆಯಲ್ಲೇ ಅದನ್ನು ಇಟ್ಟರು. ಮಾರ್ಕ್ಸ್‌ವಾದವೂ ಒಂದು ಬಗೆಯ ಮೆಸ್ಸೀಯ (ಬರಲಿರುವ ಉದ್ಧಾರಕ) ನಿರೀಕ್ಷೆ, ಇತಿಹಾಸದ ಕೊನೆಯಲ್ಲಿ ನ್ಯಾಯ ಕಾದಿದೆ ಎಂಬ ನಂಬಿಕೆ ಎಂದರು. ತಕರಾರು ಇದ್ದದ್ದು ಮೆಸ್ಸೀಯ ಯಾರಂಥವನು ಎಂಬಲ್ಲಿ. ಗೆದ್ದು ಆಳುವ ರಾಜನೊ, ಯೆಶಾಯನ ಗ್ರಂಥದಲ್ಲಿ ಬರುವ ನೋವುಣ್ಣುವ ಸೇವಕನೊ? ಕ್ರಾಂತಿ ಮೊದಲನೆಯವನನ್ನು ಆರಿಸಿಕೊಂಡರೆ ತಾನೇ ನೀತಿವಂತ ಎಂಬ ಅಹಂಕಾರ ಗದ್ದುಗೆ ಏರುತ್ತದೆ, ಹಳೆಯ ದಬ್ಬಾಳಿಕೆ ಹೊಸ ಹೆಸರಿನಲ್ಲಿ ಮರಳುತ್ತದೆ ಎಂಬುದು ಅವರ ವಾದ. ಈ ಮಾತು ಚರ್ಚಿಗೂ ಅಷ್ಟೇ ಸಲ್ಲುತ್ತದೆ ಎಂದು ಹೇಳಲು ಅವರು ಹಿಂಜರಿಯಲಿಲ್ಲ.

1969ರ 'ದಿ ಅಕ್ನಾಲೆಜ್ಡ್ ಕ್ರೈಸ್ಟ್ ಆಫ್ ದಿ ಇಂಡಿಯನ್ ರೆನೇಸಾನ್ಸ್' ಅವರ ಅತಿ ಹೆಚ್ಚು ಚರ್ಚಿತ ಗ್ರಂಥ. ರಾಮಮೋಹನ ರಾಯರಿಂದ ಗಾಂಧಿಯವರೆಗೆ ಚರ್ಚಿನ ಹೊರಗಿನವರು ಕ್ರಿಸ್ತನನ್ನು ಹೇಗೆ ಕಂಡರೆಂಬುದು ಅದರ ವಸ್ತು. ಕನ್ನಡಿಗರಿಗೆ ಇದರ ಇನ್ನೊಂದು ಮಗ್ಗುಲು, ಚರ್ಚಿನ ಒಳಗಿನವರು ಹೊರಗಿನವರನ್ನು ಕಂಡ ಬಗೆ, ಗೊತ್ತು: ಹಿರೇಕೆರೂರು ಸೀಮೆಯವನೆಂದು ಜನ ಹೇಳುವ ಸರ್ವಜ್ಞನ ವಚನಗಳನ್ನು ಹುಡುಕಿ 1924ರಲ್ಲಿ ಸಂಪಾದಿಸಿದವರು ಪಾದ್ರಿ ಉತ್ತಂಗಿ ಚನ್ನಪ್ಪನವರು. ಥಾಮಸರ ನೋಟ ಮಾತ್ರ ಇಂಥ ದೇಶೀ ಪದಗಾರರ ಕಡೆಗಿಂತ ಇಂಗ್ಲಿಷ್ ಬಲ್ಲ ಸುಧಾರಕರ ಕಡೆಗೇ ಹೆಚ್ಚು ಹೊರಳಿತು. 1976ರ ಕೃತಿಯಲ್ಲಿ ಅವರು ಭಾರತದ ಸೆಕ್ಯುಲರ್ ಸಿದ್ಧಾಂತಗಳನ್ನು ಇದೇ ಬಗೆಯಲ್ಲಿ ಪರಿಶೀಲಿಸಿದರು.

ಕ್ರಿಸ್ತನನ್ನು ಒಪ್ಪಿದವರು ತಮ್ಮ ಹಿಂದೂ ಸಮುದಾಯದಲ್ಲೇ ಉಳಿಯಬಹುದು ಎಂಬ ಅವರ ನಿಲುವನ್ನು ಆಗ ಮದರಾಸಿನ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಪ್ರಶ್ನಿಸಿದರು. ಇಬ್ಬರ ವಾದ ಪತ್ರಗಳಲ್ಲಿ ನಡೆಯಿತು. ಹೆಚ್ಚು ಗಂಭೀರವಾದ ಸವಾಲು ಬೆಂಗಳೂರಿನಲ್ಲೇ ಎದ್ದಿತು. 1981ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾತನಾಡಿದ ಅರವಿಂದ ಪಿ. ನಿರ್ಮಲ್, ಭಾರತೀಯ ಕ್ರೈಸ್ತ ಚಿಂತನೆ ಬ್ರಾಹ್ಮಣ ಪರಂಪರೆಗೆ ಜೋತುಬಿದ್ದಿದೆ ಎಂದು ಆಕ್ಷೇಪಿಸಿದರು. ದಲಿತ ದೇವತಾಶಾಸ್ತ್ರ ಬೆಳೆದದ್ದು ಅಲ್ಲಿಂದ. ವರ್ಗದ ಪ್ರಶ್ನೆಯನ್ನು ಅಷ್ಟು ಹತ್ತಿರದಿಂದ ಕಂಡ ಥಾಮಸರ ತಲೆಮಾರಿಗೆ ಜಾತಿ ಆ ಪ್ರಮಾಣದಲ್ಲಿ ಕಾಣಲಿಲ್ಲವೆಂಬ ದೂರನ್ನು ಅಲ್ಲಗಳೆಯುವುದು ಕಷ್ಟ. 1993ರಲ್ಲಿ ನಿಧನರಾದ ಜೆಸ್ವಿಟ್ ಚಿಂತಕ ಸೆಬಾಸ್ಟಿಯನ್ ಕಾಪ್ಪನ್ ಮಾರ್ಕ್ಸ್‌ನ ದಾರಿಯಲ್ಲಿ ಥಾಮಸರಿಗಿಂತ ಇನ್ನೂ ಮುಂದೆ ಹೋದರು. ಅವರ 'ಜೀಸಸ್ ಅಂಡ್ ಫ್ರೀಡಮ್' (1977) ವ್ಯಾಟಿಕನ್‌ನ ಆಕ್ಷೇಪಕ್ಕೆ ಗುರಿಯಾಯಿತು.

ತುರ್ತುಪರಿಸ್ಥಿತಿಯನ್ನು ಥಾಮಸ್ ಬರೆದು ವಿರೋಧಿಸಿದರು. 1990ರಲ್ಲಿ ನಾಗಾಲ್ಯಾಂಡ್ ರಾಜ್ಯಪಾಲರಾದರು. 1992ರಲ್ಲಿ ಮುಖ್ಯಮಂತ್ರಿಯ ಸಲಹೆಯಂತೆ, ದೆಹಲಿಯನ್ನು ಕೇಳದೆ, ವಿಧಾನಸಭೆ ವಿಸರ್ಜಿಸಿ ಹುದ್ದೆ ಕಳೆದುಕೊಂಡರು.

ಬೆಂಗಳೂರು ಬಿಟ್ಟು ತಿರುವಲ್ಲಕ್ಕೆ ಹೋದ ಮೇಲೆ ಅವರು ಹಿಡಿದ ಕೆಲಸ ಬೈಬಲ್ಲಿನ ಪುಸ್ತಕಗಳಿಗೆ ಒಂದೊಂದಾಗಿ ಮಲಯಾಳದಲ್ಲಿ ವ್ಯಾಖ್ಯಾನ ಬರೆಯುವುದು. ಪಂಡಿತರಿಗಿಂತ ಸಾಮಾನ್ಯ ಓದುಗರನ್ನು ಕಣ್ಣಮುಂದಿಟ್ಟುಕೊಂಡ ಬರವಣಿಗೆ ಇದು. ಪೌಲನ ಪತ್ರಗಳಲ್ಲಿ ಬರುವ ಅಧಿಕಾರಗಳು, ಶಕ್ತಿಗಳು ಎಂಬವನ್ನು ಅವರು ರಾಜ್ಯ, ಸಂಪತ್ತು, ಜನಾಂಗಗಳಂಥ ವ್ಯವಸ್ಥೆಗಳೆಂದೇ ಓದಿದರು. ಈ ವ್ಯಾಖ್ಯಾನಗಳನ್ನು ಟಿ. ಎಂ. ಫಿಲಿಪ್ ಇಂಗ್ಲಿಷಿಗೆ ಅನುವಾದಿಸಿದ್ದಾರೆ. ಥಾಮಸ್ 1996ರ ಡಿಸೆಂಬರ್ 3ರಂದು ನಿಧನರಾದರು.