ತೆರೆಯ ಮೇಲಿನ ಅಮಲು

1971ರಲ್ಲಿ ದೇವಾನಂದರ 'ಹರೇ ರಾಮ ಹರೇ ಕೃಷ್ಣ' ತೆರೆಕಂಡ ಮೇಲೆ, ಗಾಂಜಾ ಎಂದರೆ ಕಠ್ಮಂಡುವಿನ ಹಿಪ್ಪಿಗಳ ಸಹವಾಸವೆಂಬ ಕಲ್ಪನೆ ನಮ್ಮಲ್ಲಿ ಬೇರೂರಿತು. ಹಂಪಿಗೆ ಬರುತ್ತಿದ್ದ ಉದ್ದಗೂದಲಿನ ವಿದೇಶೀಯರನ್ನೆಲ್ಲ ಅದೇ ಕಣ್ಣಿನಿಂದ ನೋಡಿದೆವು. (ನಮ್ಮ ವಡ್ಡು, ಸಂಡೂರು ಕಡೆ ಬೈರಾಗಿಗಳು ಚಿಲುಮೆ ಸೇದುತ್ತಿದ್ದುದು ಮಾತ್ರ ಕಣ್ಣಿಗೆ ಬೀಳಲಿಲ್ಲ!)

ಆ ಭ್ರಮೆಯನ್ನು ಒಡೆದದ್ದು ಶಂಕರನಾಗ್ ನಿರ್ದೇಶನದ 'ಆಕ್ಸಿಡೆಂಟ್'. 1984ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದ ಈ ಚಿತ್ರದಲ್ಲಿ ಅಮಲೇರಿ ಕಾರು ಓಡಿಸುವವನು ಹಿಪ್ಪಿಯಲ್ಲ, ರಾಜಕಾರಣಿಯ ಮಗ. ಸಾಯುವವರು ಫುಟ್‌ಪಾತಿನಲ್ಲಿ ಮಲಗಿದ್ದ ಬಡವರು. ಅನಂತನಾಗ್ ಅಭಿನಯಿಸಿದ ಆ ತಂದೆ ಅಧಿಕಾರಬಲದಿಂದ ಪ್ರಕರಣವನ್ನು ಮುಚ್ಚಿಹಾಕಲು ಹೊರಡುತ್ತಾನೆ. ದೇಶಕ್ಕೆ ಈಗಿರುವ ಮಾದಕವಸ್ತು ಕಾಯಿದೆ ಬಂದದ್ದು 1985ರಲ್ಲಿ. ಕಾಯಿದೆಯನ್ನು ಯಾರು ಹೇಗೆ ಬಗ್ಗಿಸಬಲ್ಲರೆಂಬುದನ್ನು ಶಂಕರನಾಗ್ ಆ ಹೊತ್ತಿಗಾಗಲೇ ಕಂಡುಕೊಂಡಿದ್ದರು.

2024ರ 'ಭೀಮ'ದಲ್ಲಿ ದುನಿಯಾ ವಿಜಯ್ ಈ ವಿಷವನ್ನು ಬೆಂಗಳೂರಿನ ಬಡ ಹುಡುಗರ ಕೇರಿಗೇ ತಂದು ನಿಲ್ಲಿಸಿದರು. ಹೊಡೆದಾಟ ಅತಿಯಾಯಿತೆಂಬುದು ನನ್ನ ದೂರು. ಆದರೆ ಆ ಹುಡುಗರ ಮಂಕುಗಣ್ಣುಗಳು ನನಗೆ ಹೊಸವಲ್ಲ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿಯೂ ಒಮ್ಮೆ ಅಂಥವನ್ನು ಕಂಡಿದ್ದೆ. ರಾತ್ರಿ ನಿದ್ದೆಗೆಟ್ಟಿರಬೇಕೆಂದು ಗದರಿಸಿ, ಮುಖ ತೊಳೆದು ಬರಲು ಕಳುಹಿಸಿ, ಪಾಠ ಮುಂದುವರಿಸಿದ್ದೆ.