ಗುಂಡಿಗೆ ಕೊಬ್ಬು ಏಕೆ?

ಹತ್ತನೆಯ ತರಗತಿಗೆ ಇತಿಹಾಸ ಬೋಧಿಸುತ್ತಿದ್ದ ದಿನಗಳಲ್ಲಿ 1857ರ ಬಂಡಾಯದ ತಕ್ಷಣದ ಕಾರಣವನ್ನು ನಾನು ಒಂದೇ ವಾಕ್ಯದಲ್ಲಿ ಬರೆಯಿಸಿ ಮುಗಿಸುತ್ತಿದ್ದೆ: ಕಾಡತೂಸುಗಳಿಗೆ ದನ ಮತ್ತು ಹಂದಿಯ ಕೊಬ್ಬನ್ನು ಸವರಲಾಗಿದೆ ಎಂಬ ಸುದ್ದಿ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಗುಂಡಿಗೆ ಕೊಬ್ಬು ಯಾಕೆ ಬೇಕು?” ಎಂದು ಕೇಳಿದ. ತರಗತಿ ನಕ್ಕಿತು. ಉತ್ತರ ತಿಳಿಯದ ನಾನು ಅವನನ್ನು ಗದರಿಸಿ ಕೂರಿಸಿದೆ. ಆ ಋಣವನ್ನು ಇಂದು ತೀರಿಸುತ್ತಿದ್ದೇನೆ.

ಎನ್‌ಫೀಲ್ಡ್ ಬಂದೂಕಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಮೂರು ತೋಡುಗಳನ್ನು ಕೊರೆದಿದ್ದರು. ಕಾಡತೂಸೆಂದರೆ ಮದ್ದನ್ನೂ ಸೀಸದ ಗುಂಡನ್ನೂ ಸುತ್ತಿದ ಕಾಗದದ ಕೊಳವೆ. ಸಿಪಾಯಿಯು ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನು ಕಾಗದಸಮೇತ ಸಲಾಕೆಯಿಂದ ಒಳಕ್ಕೆ ತಳ್ಳಬೇಕಿತ್ತು. ಪ್ರತಿ ಹೊಡೆತಕ್ಕೂ ಮದ್ದಿನ ಮಸಿ ಒಳಗೆ ಗಟ್ಟಿಯಾಗಿ ಕೂರುತ್ತದೆ. ಮೆದುವಾದ ಸೀಸವೂ ನಳಿಗೆಗೆ ಅಂಟಬಲ್ಲದು. ಜಿಡ್ಡಿದ್ದರೆ ಮಸಿ ಮೆದುವಾಗುತ್ತದೆ, ಗುಂಡು ಸಲೀಸಾಗಿ ಜಾರುತ್ತದೆ. ಇಂದಿಗೂ ಗುರಿಯಾಟಕ್ಕಾಗಿ ಮನೆಯಲ್ಲೇ ಸೀಸ ಕರಗಿಸಿ ರಿವಾಲ್ವರ್ ಗುಂಡುಗಳನ್ನು ಎರೆಯುವ ಅಮೆರಿಕದ ಹವ್ಯಾಸಿಗಳು, ಗುಂಡಿನ ಸುತ್ತಲಿನ ಗೆರೆಗಳಲ್ಲಿ ಜೇನುಮೇಣ ಬೆರೆತ ಜಿಡ್ಡನ್ನು ತುಂಬುತ್ತಾರೆ. ಸೀಸ ನಳಿಗೆಗೆ ಅಂಟದಿರಲೆಂಬುದೇ ಅಲ್ಲಿಯೂ ಉದ್ದೇಶ.

1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ದಮ್‌ದಮ್‌ನಲ್ಲಿ ಕೊಬ್ಬಿನ ಸುದ್ದಿ ಹಬ್ಬಿತು. ಅದು ಯಾವ ಪ್ರಾಣಿಯ ಕೊಬ್ಬೆಂದು ಅಧಿಕಾರಿಗಳು ಖಚಿತಪಡಿಸಿಕೊಂಡಿರಲೇ ಇಲ್ಲ. ಆ ತಿಂಗಳ 27ರಂದು ಸರ್ಕಾರವು, ಸಿಪಾಯಿಗಳು ತಮಗೊಪ್ಪಿದ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ಅನುಮತಿಸಿತು. ಆದರೆ ನಂಬಿಕೆ ಆಗಲೇ ಮುರಿದಿತ್ತು. ಸಂಶಯವು ಕಾಡತೂಸಿನ ಹೊಳಪು ಕಾಗದದತ್ತ ತಿರುಗಿತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಪೈಕಿ 85 ಮಂದಿ ಕಾಡತೂಸು ಮುಟ್ಟಲು ನಿರಾಕರಿಸಿದರು. ವಿಪರ್ಯಾಸವೆಂದರೆ, ಅಂದು ಅವರ ಮುಂದಿಟ್ಟದ್ದು ಕೊಬ್ಬು ಸವರದ ಹಳೆಯ ಬಗೆಯ ಕಾಡತೂಸುಗಳನ್ನು! ಮೇ 9ರಂದು ಅವರಿಗೆ ಕವಾಯತು ಮೈದಾನದಲ್ಲೇ ಸಂಕೋಲೆ ತೊಡಿಸಿದರು. ಮರುದಿನ ಮೀರತ್ ಹೊತ್ತಿಕೊಂಡಿತು.

ಕೊಬ್ಬು ಹಳತಾದಂತೆ ಸೀಸವನ್ನೇ ಕೆಡಿಸುತ್ತದೆಂದು ಕಂಡುಕೊಂಡ ಬ್ರಿಟಿಷ್ ಸೇನೆ ಮುಂದೆ ಜೇನುಮೇಣಕ್ಕೇ ಪ್ರಾಧಾನ್ಯ ಕೊಟ್ಟಿತು. ಯಾರ ಧರ್ಮವನ್ನೂ ನೋಯಿಸದ ಆ ಮೇಣ ಮೊದಲಿನಿಂದಲೂ ಕೈಗೆಟಕುವಂತೆಯೇ ಇತ್ತು. ಕೊಬ್ಬೊಂದೇ ಆ ಬಂಡಾಯಕ್ಕೆ ಕಾರಣವಾಗಿರಲಿಲ್ಲ, ನಿಜ. ಆದರೆ ಸಿಪಾಯಿಯ ಪ್ರಶ್ನೆಗೆ ಸಕಾಲದಲ್ಲಿ ನೇರ ಉತ್ತರ ದೊರೆಯಲಿಲ್ಲವೆಂಬುದೂ ಅಷ್ಟೇ ನಿಜ.

ಕೇಳಿದವನಿಗೆ ಉತ್ತರಿಸದೆ ಗದರಿಸುವ ತಪ್ಪನ್ನು ಆ ಸರ್ಕಾರ ಮಾಡಿತು, ಈ ಮೇಷ್ಟರೂ ಮಾಡಿದೆ. ಹಿಂದಿನ ಬೆಂಚಿನ ಆ ಹುಡುಗ ಇದನ್ನು ಓದುತ್ತಿದ್ದರೆ, ಮಗು, ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು.